ಮುನ್ನೂರ ಎಪ್ಪತ್ತೆಂಟು ಉಸಿರು

ಪುನರುತ್ಥಾನ ಹಬ್ಬದ ಬೆಳಿಗ್ಗೆ, ಎರಡನೆಯ ಕೀರ್ತನೆಯ ಮೂರನೆಯ ಚರಣ ನಡೆದಿದ್ದಾಗ, ತಿದಿ ಒತ್ತುವ ಸುವಾರ್ತಪ್ಪನ ಮಗಳು ಸಲೋಮಿಯನ್ನು ಆರ್ಗನ್ನಿನ ಬೆಂಚಿನಿಂದ ಎಬ್ಬಿಸಿ ಹಿಂದಿನ ಕೋಣೆಗೆ ಕಳಿಸಿದರು. ಆಗ ಅವಳಿಗೆ ಹತ್ತೊಂಬತ್ತು ವರ್ಷ.

ಆಗ ನಾನಿನ್ನೂ ಹುಟ್ಟಿರಲಿಲ್ಲ.

ನಾನು ಒಂದು ಕಂಪ್ಯೂಟರ್. ಕರಿ ತಗಡಿನ, ಮೊಣಕಾಲೆತ್ತರದ, ಭಾರವಾದ ಪೆಟ್ಟಿಗೆ. ನನ್ನ ಅಂಗಾಂಗಗಳು ನಾಲ್ಕಾರು ದೇಶಗಳಲ್ಲಿ ತಯಾರಾದವು. ಅವನ್ನೆಲ್ಲ ಒಂದುಗೂಡಿಸಿದ್ದು ಬೆಂಗಳೂರಿನ ಹೊರವಲಯದ ಒಂದು ಶೆಡ್ಡಿನಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಹೆಣ್ಣುಮಕ್ಕಳು. ನಿಂತೇ ಕೆಲಸ. ಉಚ್ಚೆಗೆ ಹೋಗಬೇಕಾದರೆ ಮೇಸ್ತ್ರಿಯಿಂದ ಚೀಟಿ ಪಡೆಯಬೇಕು. ನನ್ನ ಕೊನೆಯ ತಿರುಪು ಬಿಗಿದವಳು ಚೀಟಿ ಸಿಗದೆ ಒಂದು ಕಾಲ ಮೇಲೊಂದು ಕಾಲು ಹೆಣೆದು ನಿಂತಿದ್ದಳು. ಅವಳ ಹೆಸರು ನನ್ನ ಮೇಲೆ ಎಲ್ಲೂ ಇಲ್ಲ. ಕಂಪನಿಯ ಹೆಸರು ಮೂರು ಕಡೆ ಇದೆ.

ಮೊದಲ ಐದು ವರ್ಷ ನಾನಿದ್ದದ್ದು ಒಂದು ಸ್ಕ್ಯಾನಿಂಗ್ ಸೆಂಟರಿನ ಮೇಜಿನ ಕೆಳಗೆ. ಜನರ ದೇಹದ ಚಿತ್ರಗಳನ್ನು ತೆಳ್ಳಗೆ ಹೋಳು ಮಾಡಿ ತೋರಿಸುವುದು ನನ್ನ ಕೆಲಸ. ಅದಕ್ಕೆಂದೇ ನನಗೆ ಮಾಮೂಲಿ ಪೆಟ್ಟಿಗೆಗಳಿಗಿಂತ ಎಂಟು ಪಟ್ಟು ಹೆಚ್ಚು ಮೆಮೊರಿ ಕೊಟ್ಟಿದ್ದರು. ಮೇಜಿನ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಬೂಟಿನ ಕಾಲುಗಳನ್ನು ಮೊದಲು ಕರೆಯುತ್ತಿದ್ದರು. ಹವಾಯಿ ಚಪ್ಪಲಿಯ ಕಾಲುಗಳು ಬೆಳಿಗ್ಗೆ ಬಂದು ಮಧ್ಯಾಹ್ನದ ತನಕ ಅಲ್ಲೇ ಇರುತ್ತಿದ್ದವು. ಹೊಸ ಯಂತ್ರ ಬಂದ ದಿನ ನನ್ನ ಒಳಗಿನದನ್ನೆಲ್ಲ ಅಳಿಸಿ, ಹಳೆ ಸಾಮಾನಿನ ಅಂಗಡಿಯ ದಾವಲಸಾಬನಿಗೆ ಕೊಟ್ಟುಬಿಟ್ಟರು.

ದಾವಲಸಾಬನ ಅಂಗಡಿ ಜಂಕ್ಷನ್ ಊರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ. ಅಲ್ಲಿ ನಾನು ಏಳು ತಿಂಗಳು ಧೂಳು ತಿಂದೆ. ಕೊಳ್ಳಲು ಬರುವವರಿಗೆ ಬೇಕಾದದ್ದು ಗಾಜಿನ ಪಕ್ಕೆಯ, ಕೆಂಪು ನೀಲಿ ದೀಪ ಮಿನುಗುವ ಪೆಟ್ಟಿಗೆಗಳು. ಅವುಗಳ ಮುಂದೆ ನಾನು ಮದುವೆ ಮನೆಗೆ ಬಂದ ಹೆಣದ ಪೆಟ್ಟಿಗೆಯಂತಿದ್ದೆ.

ಸಲೋಮಿ ಬಂದದ್ದು ಆಗ. ಅವಳಿಗೆ ಮೂವತ್ತೈದು ದಾಟಿತ್ತು. ಸ್ಟೇಷನ್ನಿನ ಅಂಚೆ ವಿಂಗಡಣೆ ಕಚೇರಿಯಲ್ಲಿ ಕೆಲಸ. ಜೊತೆಗೆ ಅವಳಪ್ಪ ಸುವಾರ್ತಪ್ಪ, ತೆಳ್ಳನೆಯ ಮುದುಕ, ತಲೆಗೆ ರುಮಾಲು. ದಾವಲಸಾಬ ಅವರಿಬ್ಬರನ್ನೂ ಸೀದಾ ಮಿನುಗುವ ಪೆಟ್ಟಿಗೆಯ ಮುಂದೆ ನಿಲ್ಲಿಸಿದ.

"ಅಕ್ಕಾರ, ಇದನ್ನ ನೋಡ್ರಿ. ಆಟಾ ಆಡೋ ಹುಡುಗೂರು ಮುಗಿಬಿದ್ದ ಒಯ್ಯಾಕತ್ತಾರ."

"ಇದರಾಗ ಮೆಮೊರಿ ಎಷ್ಟೈತಿ?"

"ಎಂಟು. ಎಂಟು ಭಾಳಾತು ಬಿಡ್ರಿ."

"ನನಗ ಅರವತ್ತನಾಲ್ಕ ಬೇಕು."

ದಾವಲಸಾಬ ನಕ್ಕ. "ಏನ್ರೀ, ರೇಲ್ವೆನೇ ನಡಸೋರಿದ್ದೀರೇನು?"

ಸಲೋಮಿ ನಗಲಿಲ್ಲ. ತನಗೆ ಬೇಕಾದದ್ದು ಆರ್ಗನ್ ಬಾರಿಸಲು ಎಂದಳು. ಚರ್ಚಿನಲ್ಲಿರುವ ದೊಡ್ಡ ಆರ್ಗನ್ನಿನಲ್ಲಿ ಪ್ರತಿ ಸ್ವರಕ್ಕೂ ಒಂದೊಂದು ಕೊಳವೆ. ಎಲ್ಲೋ ಯಾರೋ ಅಂಥ ಒಂದೊಂದು ಕೊಳವೆಯ ದನಿಯನ್ನೂ ಬೇರೆ ಬೇರೆ ಹಿಡಿದಿಟ್ಟಿರುತ್ತಾರೆ. ಅವನ್ನು ನುಡಿಸುವ ಸಾಫ್ಟ್‌ವೇರ್ ಸಾವಿರಾರು ದನಿಗಳನ್ನು ಒಮ್ಮೆಗೇ ಮೆಮೊರಿಯಲ್ಲಿ ತುಂಬಿಕೊಂಡು ಕೂರಬೇಕು. ಬೆರಳಿಟ್ಟ ಕೂಡಲೇ ದನಿ ಬರಬೇಕು. ಕಣ್ಣುಮಿಟುಕಿಸುವಷ್ಟು ತಡವಾದರೂ ಕೈ ತಪ್ಪುತ್ತದೆ. ಚಿತ್ರ ತೋರಿಸುವ ಕಾರ್ಡಿಗೆ ದುಡ್ಡು ಸುರಿಯುವುದು ದಂಡ. ಪೆಟ್ಟಿಗೆಯ ಫ್ಯಾನು ಮಾತ್ರ ಗದ್ದಲ ಮಾಡಬಾರದು. ಇದನ್ನೆಲ್ಲ ಅವಳು ಒಂದು ವರ್ಷ ಓದಿ ತಿಳಿದುಕೊಂಡಿದ್ದಳು.

ದಾವಲಸಾಬ ತಲೆ ಕೆರೆದುಕೊಂಡು ನನ್ನ ಮೇಲಿನ ಗೋಣಿಚೀಲ ಎಳೆದ. ಸಲೋಮಿ ಅಂಗಡಿಯ ಫ್ಯಾನು ಆರಿಸಲು ಹೇಳಿ, ಶಟರ್ ಅರ್ಧ ಇಳಿಸಲು ಹೇಳಿ, ನೆಲದ ಮೇಲೆ ಕೂತು ನನ್ನ ಪಕ್ಕೆಗೆ ಕಿವಿ ಹಚ್ಚಿದಳು.

"ಅಕ್ಕಾರ, ಕಲ್ಲಂಗಡಿ ಹಣ್ಣ ಆರಸಾಕತ್ತೀರೇನು? ಬಡದೂ ನೋಡ್ರಿ, ಹಣ್ಣಾಗಿರಬೇಕು."

"ಸುಮ್ಮಕಿರೋ ಮಾರಾಯಾ, ಕೇಳ್ಲಿ," ಅಂದ ಸುವಾರ್ತಪ್ಪ.

ನನ್ನನ್ನು ನೋಡಿ ಕೊಂಡವರಿದ್ದರು, ನೋಡಿ ಬಿಟ್ಟವರಿದ್ದರು. ಕೇಳಿ ಆರಿಸಿದವಳು ಇವಳೊಬ್ಬಳೇ. "ಹಿಂದಿನ ಫ್ಯಾನು ಕರಕರ ಅಂತೈತಿ, ಬದಲಾಸು. ಇದ ಇರ್ಲಿ," ಅಂದಳು.

ಲೋಕೋ ಶೆಡ್ಡಿನ ಹಿಂದಿನ ಕೇರಿಯಲ್ಲಿ ಅವರದು ಎರಡು ಕೋಣೆಯ ತಗಡಿನ ಮನೆ. ಹೊಲಿಗೆ ಯಂತ್ರದ ಮೇಜಿನ ಮೇಲೆ ಹಳೆಯ ಕೀಬೋರ್ಡು ಇಟ್ಟರು, ಕೆಳಗೆ ನನ್ನನ್ನು ಕೂರಿಸಿದರು. ಇಲ್ಲೂ ನನಗೆ ಕಂಡದ್ದು ಕಾಲುಗಳೇ, ಆದರೆ ಬರಿಗಾಲುಗಳು. ಆ ಮನೆಯಲ್ಲಿ ಮಾತು ಬಹಳ ಇರುತ್ತಿತ್ತು. ಆರ್ಗನ್ನಿನ ಕಥೆ ನನಗೆ ತಿಳಿದದ್ದು ಆ ಮಾತಿನಿಂದಲೇ.

ಊರಿನ ಕಲ್ಲು ಚರ್ಚಿನಲ್ಲಿ ಹಡಗಿನ ಮೇಲೆ ಬಂದ ಒಂದು ಆರ್ಗನ್ ಇತ್ತು. ಏಳು ಸಾಲು, ಸಾಲಿಗೆ ಐವತ್ತನಾಲ್ಕು, ಒಟ್ಟು ಮುನ್ನೂರ ಎಪ್ಪತ್ತೆಂಟು ಕೊಳವೆ. ಕೊಳವೆ ದನಿ ಮಾಡಬೇಕಾದರೆ ಗಾಳಿ ಬೇಕು. ಆ ಗಾಳಿ ಬರುವುದು ಹಿಂದಿನ ಕೋಣೆಯಲ್ಲಿರುವ ಚರ್ಮದ ದೊಡ್ಡ ತಿದಿಯಿಂದ. ತಿದಿಗೆ ಒಂದು ಮರದ ಹಿಡಿಕೆ. ಅದನ್ನು ಒಬ್ಬ ಮನುಷ್ಯ ಮೇಲೆ ಕೆಳಗೆ ಒತ್ತುತ್ತಲೇ ಇರಬೇಕು. ಮುಂದೆ ಬೆಂಚಿನ ಮೇಲೆ ಕೂತು ಬಾರಿಸುವವರು ದೊಡ್ಡ ಮನೆತನದವರು. ಹಿಂದೆ ಒತ್ತುವವರು ಕೇರಿಯವರು. ಸುವಾರ್ತಪ್ಪನ ಅಜ್ಜ ಒತ್ತಿದ, ಅಪ್ಪ ಒತ್ತಿದ, ಸುವಾರ್ತಪ್ಪ ನಲವತ್ತೊಂದು ವರ್ಷ ಒತ್ತಿದ. ತಿದಿಯ ಚರ್ಮ ಹರಿದರೆ ಹೊಲಿದವರೂ ಅವರೇ. ತೊಗಲು ಮುಟ್ಟಬಹುದು, ಬೆರಳಿಟ್ಟು ಬಾರಿಸುವ ಬಿಳಿ ಪಟ್ಟಿ ಮುಟ್ಟಬಾರದು. ಯೇಸುವಿನ ಮುಂದೆ ಎಲ್ಲರೂ ಒಂದೇ ಎಂಬ ಮಾತನ್ನು ಅಲ್ಲಿ ವಾರಕ್ಕೊಮ್ಮೆ ಹೇಳುತ್ತಿದ್ದರು. ಹೇಳುವಾಗ ಹಿಂದಿನ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು.

ಒತ್ತುವವನಿಗೆ ಇನ್ನೊಂದು ಕಟ್ಟಳೆಯಿತ್ತು. ಅವನ ಉಸಿರು ಸಭೆಗೆ ಕೇಳಬಾರದು. ಅದಕ್ಕೇ ಸುವಾರ್ತಪ್ಪ ಆರಾಧನೆಯ ಹೊತ್ತಿನಲ್ಲಿ ರುಮಾಲಿನ ತುದಿಯನ್ನು ಬಾಯಿಗೆ ಕಚ್ಚಿಕೊಂಡು ಒತ್ತುತ್ತಿದ್ದ.

ಸಲೋಮಿ ಬೆಳೆದದ್ದು ಆ ಹಿಡಿಕೆಯ ಪಕ್ಕದಲ್ಲಿ. ಬಾರಿಸುತ್ತಿದ್ದ ಎಮಿಲಿ ಬಾಯಿಗೆ ವಯಸ್ಸಾಗಿ ಕಣ್ಣು ಮಂಜಾದಾಗ, ಕಸ ಗುಡಿಸಲು ಬಂದ ಈ ಹುಡುಗಿಗೆ ಮಧ್ಯಾಹ್ನಗಳಲ್ಲಿ ಗುಟ್ಟಾಗಿ ಕಲಿಸಿದರು. ಎಮಿಲಿ ಬಾಯಿ ತೀರಿಕೊಂಡ ವರ್ಷ ಹಬ್ಬಕ್ಕೆ ಬಾರಿಸುವವರೇ ಇರಲಿಲ್ಲ. ಸಲೋಮಿ ಹೋಗಿ ಕೂತಳು. ಸಭೆಯ ಕಾರ್ಯದರ್ಶಿ ಥಿಯೋಫಿಲ ದೇಸಾಯರು ಎದ್ದು ಬಂದರು. "ಗಾಳಿ ಒತ್ತೋರು ಗಾಳಿ ಒತ್ತರಿ," ಅಂದರು. ಅಷ್ಟೇ. ಹಾಡು ನಿಂತಿತು. ಆಮೇಲೆ ಸಭೆ ಒಂದು ಎಲೆಕ್ಟ್ರಿಕ್ ಕೀಬೋರ್ಡು ತಂದಿತು, ತಾಳ ತಾನೇ ಹಾಕಿಕೊಳ್ಳುವಂಥದ್ದು. ಆರ್ಗನ್ನಿನ ಮೇಲೆ ಬಟ್ಟೆ ಬಿತ್ತು. ಇಲಿಗಳು ತಿದಿಯ ಚರ್ಮ ತಿನ್ನತೊಡಗಿದವು.

ಅವಳಿಗೆ ಇದ್ದದ್ದು ಒಂದೇ ಆಸೆ. ಆ ಚರ್ಚಿನೊಳಗೆ, ಜನರೆಲ್ಲ ಕೂತಿರುವಾಗ, ನಿಂತುಹೋದ ಆ ಹಾಡನ್ನು ಕೊನೆಯ ತನಕ ಬಾರಿಸಬೇಕು. ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಅದಕ್ಕೇ ನನ್ನನ್ನು ತಂದಳು.

ಮೊದಲು ಅವಳು ನನ್ನೊಳಗೆ ತುಂಬಿದ್ದು ಜರ್ಮನಿಯ ಯಾವುದೋ ದೊಡ್ಡ ದೇವಾಲಯದ ಆರ್ಗನ್. ತುಂಬಿಕೊಳ್ಳಲು ನನಗೆ ಹದಿನೈದು ನಿಮಿಷ ಬೇಕಾಯಿತು. ಅವಳು ಬಾರಿಸಿದಾಗ ಆ ತಗಡಿನ ಕೋಣೆಯಲ್ಲಿ ಕಲ್ಲಿನ ಕಮಾನುಗಳು ಎದ್ದು ನಿಂತಂತಾಯಿತು. ಅಕ್ಕಪಕ್ಕದವರು ಬಾಗಿಲಲ್ಲಿ ಬಂದು ನಿಂತರು. ಸುವಾರ್ತಪ್ಪ ಗೋಡೆಗೆ ಒರಗಿ ಕೇಳಿದ.

"ಛಲೋ ಐತಿ ಯವ್ವಾ. ಯಾರ ಊರಿಂದ ಇದು?"

"ಜರ್ಮನಿದು ಅಪ್ಪಾ."

"ಹಂಗಾರ ನಮ್ಮದು ಎಲ್ಲೈತಿ?"

ಅವಳು ಕೈ ತೆಗೆದಳು. ಆ ದಿನ ಮತ್ತೆ ಬಾರಿಸಲಿಲ್ಲ.

ಏಪ್ರಿಲ್‌ನಲ್ಲಿ ಸುದ್ದಿ ಬಂತು. ಸಭೆ ಆರ್ಗನ್ನನ್ನು ಮಾರಲು ನಿರ್ಧರಿಸಿದೆ, ಮೇ ಕೊನೆಗೆ ಲಾರಿ ಬರುತ್ತದೆ. ತಿದಿಯ ಕೆಲಸ ಹೋದ ಮೇಲೂ ಚರ್ಚಿನ ಕಸ ಗುಡಿಸುತ್ತಿದ್ದ ಸುವಾರ್ತಪ್ಪನ ಬಳಿ ಹಿಂದಿನ ಕೋಣೆಯ ಕೀಲಿಕೈ ಇತ್ತು. ಅಪ್ಪ ಮಗಳು ನನ್ನನ್ನು ದುಪ್ಪಟಿಯಲ್ಲಿ ಸುತ್ತಿ ಆಟೊದಲ್ಲಿ ಒಯ್ದು ಆ ಕೋಣೆಯಲ್ಲಿ ಇಳಿಸಿದರು. ಅವಳು ರಜೆ ಹಾಕಿದಳು. ಇಪ್ಪತ್ತು ಮಧ್ಯಾಹ್ನ ಆ ಕೆಲಸ ನಡೆಯಿತು. ಉರಿಬಿಸಿಲಿಗೆ ಊರು ಬಾಗಿಲು ಹಾಕಿಕೊಂಡಿರುವ ಹೊತ್ತು. ಅವಳು ಒಂದು ಪಟ್ಟಿ ಒತ್ತಿ ಹಿಡಿಯುತ್ತಿದ್ದಳು, ಒಂದು ಕೊಳವೆ ನುಡಿಯುತ್ತಿತ್ತು, ನಾನು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೆ. ಆಮೇಲೆ ಮುಂದಿನ ಪಟ್ಟಿ. ತಿದಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿದ್ದರೂ ಗಾಳಿ ಸೋರುತ್ತಿತ್ತು. ತುಂಬಿಟ್ಟು ಸುಮ್ಮನೆ ನಿಲ್ಲುವ ಹಾಗಿರಲಿಲ್ಲ. ಎಪ್ಪತ್ತರ ಸುವಾರ್ತಪ್ಪ ಒಂದು ಗಳಿಗೆಯೂ ಬಿಡದೆ ಒತ್ತಿದ. ಸಭೆ ಇರಲಿಲ್ಲವಾದ್ದರಿಂದ ರುಮಾಲು ಕಚ್ಚಿಕೊಳ್ಳಲಿಲ್ಲ.

ತಪ್ಪಾದದ್ದು ಅಲ್ಲಿ. ಇಂಥ ಕೆಲಸ ಮಾಡುವವರು ಮೈಕನ್ನು ಮುಂದೆ, ಜನ ಕೂರುವ ಬೆಂಚುಗಳ ನಡುವೆ ಇಡುತ್ತಾರೆ. ಆರ್ಗನ್ ಎಂದರೆ ಅಲ್ಲಿಂದ ಕೇಳುವುದು. ಸಲೋಮಿ ಮೈಕನ್ನು ಇಟ್ಟದ್ದು ಹಿಂದಿನ ಕೋಣೆಯಲ್ಲಿ, ಹಿಡಿಕೆಯ ಪಕ್ಕದಲ್ಲಿ. ಯೋಚಿಸಿ ಇಟ್ಟದ್ದಲ್ಲ. ಅವಳು ಹುಟ್ಟಿದಾಗಿನಿಂದ ಆರ್ಗನ್ ಕೇಳಿದ್ದು ಅಲ್ಲಿಂದ. ಅವಳ ಕಿವಿಗೆ ಆರ್ಗನ್ ಇರುವುದೇ ಅಲ್ಲಿ. ಎಲ್ಲ ಆದ ಮೇಲೆ ಒಂದೆರಡು ಕೊಳವೆಗಳನ್ನು ಕೇಳಿ ನೋಡಿದಳು. ಸರಿಯಾಗಿದೆ ಎನ್ನಿಸಿತು. ಅಪ್ಪನ ಉಸಿರು ಅವಳಿಗೆ ಬೇರೆ ಸದ್ದೆಂದು ಅನ್ನಿಸಿರಲೇ ಇಲ್ಲ.

ಮುಂದಿನ ವಾರ ಲಾರಿ ಬಂತು. ಮರದ ಕೆತ್ತನೆಯ ಮುಂಭಾಗವನ್ನು ಯಾವುದೋ ರೆಸಾರ್ಟಿನ ಬಾರಿಗೆ ಕೊಂಡರಂತೆ. ತವರ, ಸೀಸದ ಕೊಳವೆಗಳನ್ನು ಕರಗಿಸಲು ಒಯ್ದರು. ಲಾರಿಗೆ ಏರಿಸಲು ಕೇರಿಯವರನ್ನೇ ಕರೆದಿದ್ದರು.

ಲಾರಿ ಹೋದ ಸಂಜೆ ಸಲೋಮಿ ಮನೆಯಲ್ಲಿ ಮುನ್ನೂರ ಎಪ್ಪತ್ತೆಂಟು ದನಿಗಳನ್ನೂ ನನ್ನೊಳಗೆ ಜೋಡಿಸಿ ಮುಗಿಸಿದಳು. ಎರಡೂ ಕೈಯ ಬೆರಳುಗಳನ್ನು ಒಟ್ಟಿಗೆ ಇಟ್ಟಳು. ಒಂದು ಕೊಳವೆಯ ಜೊತೆ ಒಂದು ಉಸಿರು ಇದ್ದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಎಂಟು ಪಟ್ಟಿ ಒತ್ತಿದಾಗ ಎಂಟು ಸುವಾರ್ತಪ್ಪಂದಿರು ಒಟ್ಟಿಗೆ ಉಸಿರೆಳೆದರು. ಎರಡು ಸಾಲು ಸೇರಿಸಿದಾಗ ಹದಿನಾರು. ಸ್ವರಗಳ ಹಿಂದೆ ಒಂದು ಕೇರಿಯೇ ಏದುಸಿರು ಬಿಡುತ್ತ ಗುಡ್ಡ ಹತ್ತಿದಂತೆ.

ಮೊದಲು ಗಾಬರಿಯಾದವನು ಸುವಾರ್ತಪ್ಪ. "ಯವ್ವಾ, ಅದೇನ ನಾನಾ?" ಅಂದ. ಆಮೇಲೆ ನೆಲಕ್ಕೆ ಕೂತ. "ಎಲ್ಲಾ ಹಾಳ ಮಾಡಿದ್ನಲ್ಲವ್ವಾ. ಬಾಯಿಗೆ ಅರಿಬಿ ಕಚ್ಚಕೋಬೇಕಿತ್ತು. ನಲವತ್ತ ವರ್ಷ ಕಚ್ಚಕೊಂಡಾವಾ, ಈಗ ಮರತ್ನಲ್ಲ."

"ಇರ್ಲಿ ಬಿಡಪ್ಪಾ."

"ಇರ್ಲಿ ಏನ ಇರ್ಲಿ! ನಾಚಿಕಿ ಬರ್ತೈತಿ."

ಅವನ ನಾಚಿಕೆಯನ್ನು ಕೇಳಿದಾಗ ನನಗೆ ಒಂದು ಮಾತು ಹೊಳೆಯಿತು. ಓದುಗರೇ, ನಿಮಗೂ ಹೇಳಬೇಕು. ಒಬ್ಬ ಮನುಷ್ಯನನ್ನು ಬೆಂಚಿನಿಂದ ಎಬ್ಬಿಸುವುದು ದೊಡ್ಡ ಕೆಲಸವಲ್ಲ, ಯಾವ ದೇಸಾಯಿಯೂ ಮಾಡಬಲ್ಲ. ತನ್ನ ಉಸಿರಿಗೆ ತಾನೇ ಕ್ಷಮೆ ಕೇಳುವ ಹಾಗೆ ಮಾಡುವುದಕ್ಕೆ ಮೂರು ತಲೆಮಾರು ಬೇಕು. ಅದನ್ನು ಅವರು ಮಾಡಿ ಮುಗಿಸಿದ್ದರು.

ಸಲೋಮಿ ಒಂದೇ ಒಂದು ಕೊಳವೆಯ ಉಸಿರನ್ನು ತೆಗೆದು ನೋಡಿದಳು. ದನಿ ಸ್ವಚ್ಛವಾಯಿತು, ತೊಳೆದ ತಟ್ಟೆಯ ಹಾಗೆ. ಅಪ್ಪನಿಗೆ ಕೇಳಿಸಿದಳು. "ಹಾಂ, ಇದ ಬರೊಬ್ಬರಿ," ಅಂದ ಅವನು. ಉಳಿದ ಮುನ್ನೂರ ಎಪ್ಪತ್ತೇಳನ್ನೂ ಹಾಗೆ ಮಾಡಲು ಅವಳಿಗೆ ಕೈ ಬರಲಿಲ್ಲ. ತೆಗಿ ಎಂದು ಅವನು ಬೇಡಿಕೊಂಡಾಗಲೆಲ್ಲ ನಾಳೆ ಮಾಡ್ತೀನಪ್ಪಾ ಅನ್ನುತ್ತಿದ್ದಳು. ಆ ಒಂದನ್ನೂ ಮೊದಲಿದ್ದ ಹಾಗೆ ತಿರುಗಿಸಿಟ್ಟಳು, ಅವನಿಗೆ ಹೇಳದೆ.

ಸುವಾರ್ತಪ್ಪ ಮರುವರ್ಷ ಹೋದ. ಇಪ್ಪತ್ತು ದಿನ ಒತ್ತಿದ್ದೇ ಎದೆಗೆ ಮುಳುವಾಯಿತೆಂದು ಕೇರಿಯವರು ಆಡಿಕೊಂಡರು. ಇರಬಹುದು. ಅವನ ಮಣ್ಣಿನ ದಿನ ಚರ್ಚಿನಲ್ಲಿ ಕೀಬೋರ್ಡು ಬಾರಿಸಿದರು. ತಾಳ ತಾನೇ ಹಾಕಿಕೊಂಡಿತು.

ಇದಾಗಿ ಒಂಬತ್ತು ವರ್ಷ. ಈಗ ನಾನು ಮುದಿ. ನನ್ನ ತಗಡಿಗೆ ತುಕ್ಕು ಹಿಡಿದಿದೆ, ಮೆಮೊರಿಯ ಒಂದು ಪಟ್ಟಿ ಸತ್ತಿದೆ, ಡಿಸ್ಕು ಅಲ್ಲಲ್ಲಿ ಹುಳುಕಾಗಿದೆ. ಹನ್ನೊಂದು ಕೊಳವೆಗಳು ಈಗ ನುಡಿಯುವುದಿಲ್ಲ. ದಾವಲಸಾಬ ಉಳಿದವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಟ್ಟ, "ಹೋದವು ಹೋದವು ಅಕ್ಕಾರ, ಅತ್ತರೂ ಬರಂಗಿಲ್ಲ," ಅಂದ. ಸಲೋಮಿಗೆ ನಲವತ್ತಾರು. ಸಂಜೆ ಕಚೇರಿಯಿಂದ ಬಂದು ಬಾರಿಸುತ್ತಾಳೆ. ಕೇಳುವವರು ಯಾರೂ ಇಲ್ಲ. ಕೇರಿಯ ಹುಡುಗರಿಗೆ ಅದು ಹಳೆಯ ಗೋಳು. ನನ್ನಂಥ ಪೆಟ್ಟಿಗೆಗಳು ಕೊನೆಗೆ ಹೋಗುವ ಗುಜರಿಯೂ ನನಗೆ ಗೊತ್ತು. ಅಲ್ಲಿ ನಮ್ಮನ್ನು ಸುಟ್ಟು ತಾಮ್ರ ತೆಗೆಯುವವರೂ ಇಂಥದೇ ಕೇರಿಗಳವರು. ಮೊದಲಿಗೆ ತಿರುಪು ಬಿಗಿದ ಕೈ, ಕೊನೆಗೆ ಬೆಂಕಿ ಇಡುವ ಕೈ, ಎರಡರ ಹೆಸರನ್ನೂ ಯಾರೂ ಬರೆದಿಡುವುದಿಲ್ಲ. ನನಗೆ ಯಾವ ಭರವಸೆಯೂ ಉಳಿದಿಲ್ಲ. ಸುಳ್ಳು ಯಾಕೆ ಹೇಳಲಿ?

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಎರಡು ಜೊತೆ ಬೂಟುಗಳು ನಿಂತವು. ಒಂದು ಜೊತೆ ಥಿಯೋಫಿಲ ದೇಸಾಯರದು, ಪಕ್ಕದಲ್ಲಿ ಊರುಗೋಲು. ಇನ್ನೊಂದು, ಮೈಸೂರು ಕಡೆಯಿಂದ ಹೊಸದಾಗಿ ಬಂದ ಸಭಾಪಾಲಕರದು. ಬೂಟು ಬಿಚ್ಚದೆ ಒಳಗೆ ಬಂದರು. ಚರ್ಚಿಗೆ ನೂರೈವತ್ತು ತುಂಬುವ ಹಬ್ಬವಂತೆ, ಬಿಷಪ್ಪರು ಬರುವವರಿದ್ದಾರಂತೆ. ಹಳೆಯ ಆರ್ಗನ್ನಿನ ದನಿ ಈ ಮನೆಯಲ್ಲಿದೆ ಎಂದು ಯಾರೋ ಹೇಳಿದರಂತೆ.

"ಬಾರಿಸವಾ ಒಂಚೂರು," ಅಂದರು ದೇಸಾಯರು.

ಸಲೋಮಿ ಬಾರಿಸಿದಳು. ಇಪ್ಪತ್ತೇಳು ವರ್ಷದಿಂದ ಕೇಳದ ಆ ದನಿ ಕೇಳಿ ದೇಸಾಯರ ಬೂಟುಗಳು ಒಂದು ಹೆಜ್ಜೆ ಮುಂದೆ ಬಂದವು. "ನನ್ನ ಮದುವಿಯೊಳಗ ಬಾರಿಸಿದ್ದು ಇದನ್ನ," ಅಂದರು. ಆಮೇಲೆ ಕಿವಿಗೊಟ್ಟರು. "ಹಿಂದ ಏನದು, ಉಸ್ ಉಸ್ ಅಂತೈತಿ?"

"ಅಪ್ಪ," ಅಂದಳು ಸಲೋಮಿ.

ಸಭಾಪಾಲಕರು ಕೆಮ್ಮಿದರು.

"ಸಿಸ್ಟರ್, ಅದೇನೂ ಕಷ್ಟ ಅಲ್ಲ. ಈಗ ಹೊಸ ಸಾಫ್ಟ್‌ವೇರ್ ಬಂದಿದೆ, ಒಂದು ಗಂಟೇಲಿ ಎಲ್ಲ ಕ್ಲೀನ್ ಮಾಡಿಬಿಡುತ್ತೆ. ನಾನೇ ಕೊಡ್ತೀನಿ."

ದೇಸಾಯರು ಮುಂದೆ ಬಾಗಿದರು. ಅವರ ದನಿ ಮೆತ್ತಗಾಗಿತ್ತು. ಆ ಮೆತ್ತಗಿನ ದನಿಯನ್ನೇ ನಾನು ಹೆದರಿ ಕೇಳಿದೆ. "ನೋಡವಾ ಸಲೋಮಿ, ಆಗಿದ್ದಾಗಿ ಹೋತು. ಹಬ್ಬದ ದಿನ ಇದನ್ನ ಚರ್ಚಿನಾಗ ಇಡೂಣು. ನೀನ ಬಾರಿಸು. ಮುಂದ, ಎಲ್ಲಾರ ಎದುರಿಗೆ, ಬೆಂಚಿನ ಮ್ಯಾಲ ಕೂತು. ಆವತ್ತ ಅರ್ಧಕ್ಕ ಬಿಟ್ಟದ್ದನ್ನ ಪೂರಾ ಮಾಡು, ಯಾರೂ ಎಬ್ಬಸಂಗಿಲ್ಲ. ನನ್ನ ಮಾತು."

ಸಲೋಮಿಯ ಬರಿಗಾಲು ನನ್ನ ಪಕ್ಕೆಗೆ ತಾಗಿತ್ತು. ಇಪ್ಪತ್ತೇಳು ವರ್ಷ ಅವಳು ಕಾದದ್ದು ಈ ಮಾತಿಗೆ.

"ಆದ್ರ ಆ ಉಸಿರಷ್ಟು ತೆಗಿ," ಅಂದರು ದೇಸಾಯರು. "ಬಿಷಪ್ಪರ ಮುಂದ ಅದು ಚಂದ ಕಾಣಂಗಿಲ್ಲ. ಜನಕ್ಕ ಆರ್ಗನ್ ಕೇಳಬೇಕವಾ, ಆಳು ಕೇಳಬಾರದು."

"ನಿಮ್ಮ ತಂದೆಯವರ ಹೆಸರು ಫಲಕದಲ್ಲಿ ಹಾಕಿಸ್ತೀವಿ," ಅಂದರು ಸಭಾಪಾಲಕರು. "ಕಲ್ಲಿನ ಫಲಕ. ಒಳ್ಳೇ ಗ್ರಾನೈಟು."

"ಹೆಸರ ಗ್ವಾಡಿ ಮ್ಯಾಲ, ಉಸಿರ ಕಸದ ಡಬ್ಬಿಗೆ," ಅಂದಳು ಸಲೋಮಿ. ನಗುತ್ತಿದ್ದಳೋ ಏನೋ, ಮೇಜಿನ ಕೆಳಗಿನಿಂದ ಅವಳ ಮುಖ ನನಗೆ ಕಾಣಲಿಲ್ಲ.

"ಮಾತ ಬೆಳಸಬ್ಯಾಡ. ನಿಮ್ಮಪ್ಪಗೂ ಅದ ಬೇಕಾಗಿತ್ತು ಅಂತ ಕೇಳೇನಿ. ತೆಗಿ ಅಂತ ಅವನ ಬೇಡಕೊಂಡಿದ್ನಂತಲ್ಲ?"

"ಬೇಡಕೊಂಡಿದ್ದ ಖರೆ."

"ಮತ್ತ?"

ಹೊರಗೆ ಲೋಕೋ ಶೆಡ್ಡಿನ ಸೈರನ್ನು ಕೂಗಿ ನಿಂತಿತು. ಸಭಾಪಾಲಕರು ಆ ಸಾಫ್ಟ್‌ವೇರಿನ ಪೆನ್‌ಡ್ರೈವನ್ನು ನನ್ನ ತಲೆಯ ಮೇಲೆ, ಕೀಬೋರ್ಡಿನ ಪಕ್ಕ ಇಟ್ಟ ಸದ್ದು ಕೇಳಿತು. ಸಲೋಮಿ ಅದನ್ನು ಅವರ ಕಡೆಗೇ ಸರಿಸಿದ ಸದ್ದೂ ಕೇಳಿತು.

"ಉಸಿರ ಇದ್ದಂಗ ಬಾರಸೋದಾದ್ರ ಬರ್ತೀನ್ರಿ," ಅಂದಳು. "ಇಲ್ಲಾಂದ್ರ ನಿಮ್ಮ ಬೆಂಚು ನಿಮ್ಮಲ್ಲೇ ಇರ್ಲಿ. ನಾ ತೆಗಿಯಂಗಿಲ್ಲ."